ಕೈ ಊರದೆ ಕುರ್ಚಿಯಿಂದ ಏಳಬಲ್ಲಿರಾ?

ಮನೆಯ ಹಿರಿಯರು ಕೈ ಊರಿಯೇ ಕುರ್ಚಿಯಿಂದ ಏಳತೊಡಗಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಿಬಿಡುತ್ತೇವೆ. ಸುಮ್ಮನಾಗಬಾರದು. ತೊಡೆಯ ಮಾಂಸಖಂಡ ಸೊರಗುತ್ತಿರುವುದರ ಸುಳಿವು ಅದಾಗಿರಬಹುದು. ಸಾರ್ಕೋಪೀನಿಯಾ ಎಂಬ ಈ ಸ್ಥಿತಿಯಲ್ಲಿ ಬೀಳುವ, ಸೊಂಟದ ಮೂಳೆ ಮುರಿಯುವ ಭಯ ಹೆಚ್ಚು. ಊಟದ ಬಳಿಕ ರಕ್ತ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಮಾಂಸಖಂಡಗಳೇ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಎಚ್ಚರ ವಹಿಸಬೇಕು.

ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಏಷ್ಯಾದ ತಜ್ಞರ ತಂಡ 2019ರಲ್ಲಿ ಗೊತ್ತುಮಾಡಿದ ಮಿತಿ ಇದು. ಟೇಪಿನಲ್ಲಿ ಮೀನಖಂಡದ ಸುತ್ತಳತೆಯನ್ನೂ ನೋಡಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅನುಮಾನಿಸಬೇಕು. ಕಾಲು ಊದಿಕೊಂಡಿದ್ದರೆ ಈ ಅಳತೆಯನ್ನು ನಂಬಬೇಡಿ.

ಇದಕ್ಕೆ ಮುಖ್ಯ ಮದ್ದು ವ್ಯಾಯಾಮವೇ. ‘ಈ ವಯಸ್ಸಿನಲ್ಲಾ?’ ಎನ್ನುವವರು ಬೋಸ್ಟನ್ ನಗರದ ಅಧ್ಯಯನವೊಂದನ್ನು ತಿಳಿಯಬೇಕು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅದರಲ್ಲಿ ಇದ್ದವರು ತೊಂಬತ್ತರ ಆಸುಪಾಸಿನ ಹತ್ತು ಮಂದಿ. ಎಂಟು ವಾರ ಕಾಲಿನಿಂದ ಭಾರ ಎತ್ತುವ ತಾಲೀಮನ್ನು ಮುಗಿಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮಿಗಿಲಾಯಿತು! ಅದೇ ತಂಡ 1994ರಲ್ಲಿ ನೂರು ವೃದ್ಧರನ್ನು ಪರೀಕ್ಷಿಸಿದಾಗ, ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪೇಯ ಕುಡಿದವರ ಬಲ ಹೆಚ್ಚಲಿಲ್ಲ. ದುಬಾರಿ ಪೌಡರ್ ಡಬ್ಬಿ ಕೊಳ್ಳುವ ಮುನ್ನ ಇದನ್ನು ನೆನೆಯಿರಿ.

ಹೃದ್ರೋಗ, ರಕ್ತದೊತ್ತಡ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಲಿ. ಕುರ್ಚಿಯಿಂದ ನಿಧಾನವಾಗಿ ಎದ್ದು, ಇನ್ನೂ ನಿಧಾನವಾಗಿ ಕೂರುವುದು ಎಂಟು-ಹತ್ತು ಸಲ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದೂ ಅಷ್ಟೇ ಸಲ. ಸ್ವಲ್ಪ ಸುಧಾರಿಸಿಕೊಂಡು ಮತ್ತೊಂದು ಸುತ್ತು. ಉಸಿರು ಬಿಗಿಹಿಡಿಯಬಾರದು. ವಾರಕ್ಕೆ ಎರಡು-ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಿದರೆ ಸಾಕು. ಹತ್ತು ಸಲ ಸಲೀಸಾದ ಮೇಲೆ ನೀರಿನ ಬಾಟಲಿ ಹಿಡಿದು ಏಳಿ. ಭಾರ ಏರಿಸುತ್ತ ಹೋಗದಿದ್ದರೆ ಬಲ ನಿಂತಲ್ಲೇ ನಿಲ್ಲುತ್ತದೆ. ವಾಕಿಂಗ್ ಬಿಡಬೇಡಿ, ಆದರೆ ತೊಡೆಗೆ ಅದೊಂದೇ ಸಾಲದು.

ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ ಆಯಿತು. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ತಿಳಿಸಾರು ಉಂಡರೆ ಇದು ಒದಗದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮುದ್ದೆಗೆ ಬಸ್ಸಾರಷ್ಟೇ ಅಲ್ಲ, ಬಸಿದ ಕಾಳಿನ ಪಲ್ಯವನ್ನೂ ಧಾರಾಳವಾಗಿ ಬಡಿಸಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಆಸ್ಪತ್ರೆ ಸೇರಿದಾಗ ‘ಎದ್ದು ಕೂರಿಸುವುದು ಯಾವಾಗ?’ ಎಂದು ಮೊದಲ ದಿನವೇ ಕೇಳಿ. 2007ರ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿದ್ದು ಕಾಲುಗಳ ಮಾಂಸದಲ್ಲಿ ಸುಮಾರು ಒಂದು ಕಿಲೋ ಕಳೆದುಕೊಂಡರು.

ಎಲ್ಲ ನಿಶ್ಶಕ್ತಿಯೂ ವಯಸ್ಸಿನದಲ್ಲ. ದಿಢೀರನೆ ಒಂದು ಪಕ್ಕ ಸೋತರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಂಜೆಯಾಗುತ್ತ ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ ನರರೋಗ ತಜ್ಞರನ್ನು ಕಾಣಬೇಕು. ಕೊಲೆಸ್ಟರಾಲ್ ಮಾತ್ರೆ ಶುರುವಾದ ಮೇಲೆ ಮೈಕೈ ನೋವು ಬಂದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ; ಜೊತೆಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೊರಡಿ.