ಪತ್ನಿಯ ದುಡಿಮೆ ಮತ್ತು ಮನೆಯ ಶಾಂತಿ



ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ಗಾದೆ. ಆದರೆ ಹೊಡೆತವು ಜಗಳವಲ್ಲ, ಹಿಂಸೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರ ಪೈಕಿ ಶೇಕಡಾ 44 ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದರು.

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗೋ ವೈಟ್‌ಫೀಲ್ಡಿನ ಕಚೇರಿಗೋ ಪತ್ನಿಯು ದುಡಿಯಲು ಹೊರಟಾಗ ಮನೆಗೆ ಆದಾಯ ಬರುತ್ತದೆ. ಶಾಂತಿ ತಾನಾಗಿ ಬರುವುದಿಲ್ಲ. ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಬೆಂಗಳೂರಿನ ಯುವ ವಿವಾಹಿತೆಯರನ್ನು ಕುರಿತು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ನಿ ಹೊಸದಾಗಿ ಕೆಲಸಕ್ಕೆ ಸೇರಿದಾಗಲೂ, ಪತಿಯ ಸ್ಥಿರ ಕೆಲಸಕ್ಕೆ ತೊಡಕು ಒದಗಿದಾಗಲೂ ಹಿಂಸೆಯ ಸಂಭವ ಹೆಚ್ಚಿದುದು ಕಂಡುಬಂದಿತು. ದೋಷವು ದುಡಿಮೆಯದಲ್ಲ, ಸಂಪಾದಿಸುವ ಗಂಡಸೇ ಯಜಮಾನನೆಂಬ ಭಾವನೆಯದು.

ಆದುದರಿಂದ ಕೆಲಸಕ್ಕೆ ಸೇರುವ ಮೊದಲೇ ಇಬ್ಬರೂ ಕುಳಿತು ನಿರ್ಧರಿಸಿರಿ:

1. ಸಂಬಳದ ಖರ್ಚುವೆಚ್ಚ ಇಬ್ಬರ ಒಪ್ಪಿಗೆಯಿಂದಲೇ ಆಗತಕ್ಕದ್ದು.
2. ಅಡುಗೆ, ನೀರು, ಮಕ್ಕಳ ಪಾಲನೆಯಲ್ಲಿ ಪತಿಯೂ ಪಾಲ್ಗೊಳ್ಳತಕ್ಕದ್ದು.
3. ಕೋಪ ಬಂದಾಗ ಪತಿಯು ಹೊರನಡೆಯಲಿ, ಕೈ ಎತ್ತಕೂಡದು.

ಸೋದರಿಯರೇ, ಪೆಟ್ಟನ್ನು ಮುಚ್ಚಿಡಬೇಡಿರಿ. 2005ರ ಗೃಹ ಹಿಂಸೆ ತಡೆ ಕಾಯಿದೆಯು ನಿಮಗೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಕೇಳಿದಲ್ಲಿ ಆಸ್ಪತ್ರೆಯು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ನೆರವಿಗೆ 181, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ದೂರವಾಣಿ ಮಾಡಿರಿ. ಹೊಡೆತವಿಲ್ಲದ ಮನೆಯೇ ಆರೋಗ್ಯದ ಮನೆ.