ಕಲಮಾನ್ಸಿ ಹಸಿರಿದ್ದಾಗಲೇ ಕೊಳ್ಳಿ

ಮನಿಲಾದ ಸಂತೆಯಲ್ಲಿ ನೀವು ಕಲಮಾನ್ಸಿ ಎಂಬ ನಿಂಬೆ ಜಾತಿಯ ಪುಟ್ಟ ಹಣ್ಣನ್ನು ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನೇ ಆರಿಸಿ ತಂದಿದ್ದೀರಿ. ನಿಮ್ಮ ಚಿತ್ರಾನ್ನಕ್ಕೆ ಹುಳಿ ಸಾಲದೆ ಹೋದದ್ದು ಅದಕ್ಕೇ. ಫಿಲಿಪೀನ್ಸಿನವರು ಅಡುಗೆಗೆ ಬಳಸುವುದು ಸಿಪ್ಪೆ ಇನ್ನೂ ಹಸಿರಿರುವ ಹಣ್ಣನ್ನು. ಒಳಗಿನ ತೊಳೆ ಆಗಲೂ ಕಿತ್ತಳೆ ಬಣ್ಣದ್ದೇ, ಗಾಬರಿ ಬೇಡ. ಅಂಗೈಯಲ್ಲಿಟ್ಟು ನೋಡಿ: ಗಾತ್ರಕ್ಕೆ ಮೀರಿದ ತೂಕ, ನುಣುಪಾದ ತೆಳು ಸಿಪ್ಪೆ, ಒತ್ತಿದರೆ ಕೊಂಚ ಮೆತ್ತಗೆ. ಇಷ್ಟಿದ್ದರೆ ರಸ ಚೆನ್ನಾಗಿರುತ್ತದೆ.

ನಿಮ್ಮನ್ನು ಕಾಡಿದ ಕಹಿಗೆ ಕಾರಣ ಬೀಜ. ನಟ್ಟನಡುವೆ ಕತ್ತರಿಸಿದರೆ ಬೀಜವೂ ತುಂಡಾಗಿ ಕಹಿ ರಸಕ್ಕಿಳಿಯುತ್ತದೆ. ತೊಟ್ಟಿನ ಕಡೆಯಿಂದ ತೆಳ್ಳಗೆ ಒಂದು ಬಿಲ್ಲೆ ತೆಗೆದು, ಬೆರಳಲ್ಲೇ ಹಿಂಡಿ, ಟೀ ಸೋಸುವ ಜಾಲರಿಯಲ್ಲಿ ಸೋಸಿಕೊಳ್ಳಿ. ಇಡೀ ಹಣ್ಣನ್ನು ಮಿಕ್ಸಿಗೆ ಹಾಕಲೇಬೇಡಿ.

ಇನ್ನು ರಸವನ್ನು ಕುದಿಸುವ ಮಾತು. ಕುದಿದರೆ ಪರಿಮಳ ಹಾರಿಹೋಗುತ್ತದೆ. ಫಿಲಿಪೀನ್ಸಿನಲ್ಲಿ ಪಾನ್ಸಿಟ್ ನೂಡಲ್ಸಿಗೆ ಅದನ್ನು ಹಿಂಡುವುದು ತಟ್ಟೆಗೆ ಬಡಿಸಿದ ಮೇಲೆ. ನಿಮ್ಮ ಚಿತ್ರಾನ್ನಕ್ಕೂ ಒಲೆ ಆರಿಸಿದ ಮೇಲೆಯೇ ಹಿಂಡಿ. ಬಿಸ್ಟೆಕ್ ಎಂಬ ಮಾಂಸದಡುಗೆಗೆ ಮಾತ್ರ ಮಾಂಸವನ್ನು ಸೋಯಾ ಸಾಸ್ ಮತ್ತು ಈ ರಸದಲ್ಲಿ ನೆನೆಸಿ ಬೇಯಿಸುತ್ತಾರೆ. ಆಗಲೂ ಕೊನೆಯಲ್ಲಿ ನಾಲ್ಕು ಹನಿ ಹಸಿ ರಸ ಬೀಳಲಿ.

ಮಾಂಸ ತಿನ್ನದಿದ್ದರೆ ಸೋಯಾ ಸಾಸಿಗೆ ಈ ರಸ ಹಿಂಡಿ, ಸೂಜಿಮೆಣಸು ಜಜ್ಜಿ ಹಾಕಿ. ಕರಿದ ತೋಫುವಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗಂತೂ ಗೊತ್ತಿಲ್ಲ.