ಹಿಂದಿನ ಬಾರ್ ಗಟ್ಟಿ ಮಾಡಿದ್ದೇವೆ, ಚೆನ್ನಾಗಿದೆ

ಕಳೆದ ರಜೆಯಲ್ಲಿ ಕಾಲೇಜಿಗೆ ಬಂದಿದ್ದಾಗ ಭೌತಶಾಸ್ತ್ರದ ಸರ್ ನನ್ನನ್ನು ಲ್ಯಾಬಿಗೆ ಕರೆದು, "ನಿಮ್ಮ ರೇಸ್ ಕಾರಿನ ಬಗ್ಗೆ ವಾರ್ತಾಪತ್ರಕ್ಕೆ ಬರೆದು ಕೊಡು. ಆದರೆ ಹೊಗಳಿಕೊಳ್ಳುವ ಲೇಖನ ಬೇಡ, ಮಕ್ಕಳಿಗೆ ಏನಾದರೂ ಕಲಿಯಲು ಇರಲಿ" ಎಂದರು. ಹಾಗಾಗಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೇ ಬರೆಯುತ್ತಿದ್ದೇನೆ. ಈ ತಪ್ಪಿನ ಅಭ್ಯಾಸ ನನಗೆ ಶುರುವಾದದ್ದು ಇದೇ ಲ್ಯಾಬಿನಲ್ಲಿ ಎಂಬುದನ್ನು ಸರ್‌ಗೆ ಅಂದು ಹೇಳಲಿಲ್ಲ, ಈಗ ಓದಿಕೊಳ್ಳುತ್ತಾರೆ.

ನಾನು ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಕಾಲೇಜಿನ ವಿದ್ಯಾರ್ಥಿ ತಂಡ ಒಬ್ಬರೇ ಕೂರುವ ಸಣ್ಣ ರೇಸ್ ಕಾರನ್ನು ತಾನೇ ವಿನ್ಯಾಸ ಮಾಡಿ ಕಟ್ಟುತ್ತದೆ. ಇಂಥ ಕಾರುಗಳಿಗಾಗಿಯೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಜನವರಿ ತಿಂಗಳಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಕಾರುಗಳು ಒಂದನ್ನೊಂದು ತಳ್ಳಿಕೊಂಡು ಓಡುವುದಿಲ್ಲ. ಗಡಿಯಾರದ ವಿರುದ್ಧ ಓಡುತ್ತವೆ. 75 ಮೀಟರ್ ನೇರ ಓಟವಿದೆ, ಸುಮಾರು 22 ಕಿ.ಮೀ. ಸಹನೆಯ ಓಟವಿದೆ. ನನ್ನ ಕಥೆ ನಡೆಯುವುದು ಸ್ಕಿಡ್‌ಪ್ಯಾಡ್ ಎಂಬ ಪರೀಕ್ಷೆಯಲ್ಲಿ. ಎಂಟರ ಆಕಾರದಲ್ಲಿ ಎರಡು ವೃತ್ತಗಳು; ಒಳಗಿನ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್. ಕಾರು ಆ ದಾರಿಯಲ್ಲಿ ಜಾರದೆ ಎಷ್ಟು ಬೇಗ ಸುತ್ತುತ್ತದೆ ಎಂಬುದೇ ಲೆಕ್ಕ.

ನಿಮ್ಮ ಪ್ರಥಮ ಪಿಯುಸಿಯ ವೃತ್ತೀಯ ಚಲನೆ ಇಲ್ಲಿ ಹಾಗೆಯೇ ಬರುತ್ತದೆ. ದಾರಿಯ ಮಧ್ಯದ ತ್ರಿಜ್ಯ 9.125 ಮೀಟರ್. ಒಂದು ಸುತ್ತಿಗೆ 5.6 ಸೆಕೆಂಡ್ ಹಿಡಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ಸುಮಾರು 11.5 ಮೀ/ಸೆ², ಅಂದರೆ ಗುರುತ್ವದ 1.17 ಪಟ್ಟು. ಸಮಯ 5.48ಕ್ಕೆ ಇಳಿದರೆ 1.22 ಪಟ್ಟು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ನಾವು ರಾತ್ರಿಯಿಡೀ ಎದ್ದು ಕೂರುವುದು ಇದಕ್ಕೇ.

ಆ ಡಿಸೆಂಬರಿನ ಒಂದು ಭಾನುವಾರ ಬಸ್ಸುಗಳು ಇಲ್ಲದ ಕಾಂಕ್ರೀಟ್ ಅಂಗಳದಲ್ಲಿ ಕೋನ್‌ಗಳನ್ನಿಟ್ಟು ಪರೀಕ್ಷೆ ಶುರು ಮಾಡಿದೆವು. ಬದಲಾಯಿಸಬೇಕಿದ್ದದ್ದು ಹಿಂಬದಿಯ ಆ್ಯಂಟಿ-ರೋಲ್ ಬಾರ್. ಇದು ಎಡ ಮತ್ತು ಬಲ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ಒಂದು ಸರಳು. ಕಾರು ತಿರುವಿನಲ್ಲಿ ಪಕ್ಕಕ್ಕೆ ವಾಲುವುದನ್ನು ತಡೆಯುತ್ತದೆ. ಅದರ ತುದಿಯ ತೋಳಿನಲ್ಲಿ ಮೂರು ತೂತುಗಳಿವೆ: 100, 80 ಮತ್ತು 65 ಮಿ.ಮೀ. ದೂರದಲ್ಲಿ. ತೋಳು ಚಿಕ್ಕದಾದಷ್ಟೂ ಬಾರ್ ಗಟ್ಟಿ. ಅದೂ ವರ್ಗದ ಲೆಕ್ಕದಲ್ಲಿ: 100ರಿಂದ 80ಕ್ಕೆ ಬಂದರೆ ಗಡಸುತನ 1.56 ಪಟ್ಟು, 65ಕ್ಕೆ ಬಂದರೆ 2.37 ಪಟ್ಟು. ಏಕೆ ವರ್ಗ ಎಂದು ನೀವೇ ಬಿಡಿಸಿ ನೋಡಿ. ಟಾರ್ಕ್ ಮತ್ತು ಕೋನ ಎರಡರಲ್ಲೂ ಆ ದೂರ ಒಂದೊಂದು ಸಲ ಬರುತ್ತದೆ.

ಬೆಳಿಗ್ಗೆ ಮೊದಲ ತೂತಿನಲ್ಲಿ ನಾಲ್ಕು ಸುತ್ತು: 5.62, 5.58, 5.66, 5.60. ಸರಾಸರಿ 5.615. ಎರಡನೇ ತೂತಿಗೆ ಬದಲಾಯಿಸಿದೆವು. ಒಂದು ನಟ್ಟಿನ ಎಳೆ ಸವೆದು ಬೇರೆ ತರಲು ಹೋಗಿದ್ದರಿಂದ ನಡುವೆ ಬಹಳ ಹೊತ್ತಾಯಿತು. ಮತ್ತೆ ನಾಲ್ಕು ಸುತ್ತು: 5.49, 5.46, 5.52, 5.45. ಸರಾಸರಿ 5.48. ನಾವು ಕುಣಿದಾಡಿದೆವು. ದಾಖಲೆ ಪುಸ್ತಕ ನನ್ನ ಜವಾಬ್ದಾರಿ. ಸಮಯಗಳನ್ನು ಬರೆದು ಕೆಳಗೆ ಒಂದು ಸಾಲು ಸೇರಿಸಿದೆ: "ಹಿಂದಿನ ಬಾರ್ ಗಟ್ಟಿ ಮಾಡಿದ್ದೇವೆ, ಚೆನ್ನಾಗಿದೆ."

ಗಟ್ಟಿ ಮಾಡಿ ಲಾಭವಾದರೆ ಇನ್ನೂ ಗಟ್ಟಿ ಮಾಡಿದರೆ ಇನ್ನೂ ಲಾಭವಲ್ಲವೇ? ಎರಡು ವಾರದ ನಂತರ ಮೂರನೇ ತೂತಿಗೆ ಹಾಕಿದೆವು. ಮೂರನೇ ಸುತ್ತಿನಲ್ಲಿ ಹಿಂಬದಿ ಕೈಬಿಟ್ಟಿತು. ಕಾರು ಗಿರ್ರನೆ ತಿರುಗಿ ಕೋನ್‌ಗಳನ್ನು ಹಾರಿಸಿಕೊಂಡು ಹೋಗಿ ದೀಪದ ಕಂಬಕ್ಕೆ ಎರಡು ಹೆಜ್ಜೆ ದೂರದಲ್ಲಿ ನಿಂತಿತು. ಓಡಿಸುತ್ತಿದ್ದ ಗೆಳೆಯ ಹೆಲ್ಮೆಟ್ ತೆಗೆದು, ಏನೂ ಮಾತಾಡದೆ, ಕಟ್ಟೆಯ ಮೇಲೆ ಕೂತ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಂಜೆ ನಮ್ಮ ಸೀನಿಯರ್ ಪುಸ್ತಕ ಕೇಳಿದರು. ನನ್ನ ಸಾಲನ್ನು ಎರಡು ಸಲ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಆಮೇಲೆ ಮೊದಲಿನ ತೂತಿಗೆ ವಾಪಸ್ ಹಾಕಿ ಓಡಿಸಿದಿರಾ?"

ಇಲ್ಲ.

ಮರುದಿನ ಅವರು ಹೇಳಿದಂತೆ ಮಾಡಿದೆವು. ಮೊದಲು ಟೈರುಗಳು ಬಿಸಿಯಾಗುವವರೆಗೆ ಸುಮ್ಮನೆ ಸುತ್ತು ಹಾಕಿದೆವು. ನಂತರ ಮೊದಲ ತೂತು: ಸರಾಸರಿ 5.495. ಎರಡನೇ ತೂತು: 5.50. ಮತ್ತೆ ಮೊದಲ ತೂತು: 5.48. ಒಂದೇ ಸರದಿಯ ನಾಲ್ಕು ಸುತ್ತುಗಳ ನಡುವೆಯೇ 0.04ರಿಂದ 0.09ರವರೆಗೆ ವ್ಯತ್ಯಾಸ ಇತ್ತು. ಅಂದರೆ ಸರಾಸರಿಗಳ ನಡುವಿನ ಆ 0.02ಕ್ಕೆ ಅರ್ಥವೇ ಇಲ್ಲ. ನಾವು ಕುಣಿದಾಡಿದ ಲಾಭ ಬಾರಿನಿಂದ ಬಂದದ್ದಾಗಿರಲಿಲ್ಲ.

ಹಾಗಾದರೆ ಆ 0.135 ಸೆಕೆಂಡ್ ಎಲ್ಲಿಂದ ಬಂತು? ಪುಸ್ತಕದಲ್ಲಿ ಉತ್ತರವಿಲ್ಲ, ಏಕೆಂದರೆ ನಾನು ಗಂಟೆ ಬರೆದಿರಲಿಲ್ಲ, ನೆಲದ ತಾಪ ಬರೆದಿರಲಿಲ್ಲ, ಟೈರಿನ ಗಾಳಿ ಬರೆದಿರಲಿಲ್ಲ. ಫೋನಿನ ಫೋಟೋಗಳಿಂದ ಅಷ್ಟಿಷ್ಟು ಗೊತ್ತಾಯಿತು. ಮೊದಲ ಓಟ 8:40ಕ್ಕೆ, ಅಂಗಳದಲ್ಲಿ ಇನ್ನೂ ನೆರಳಿತ್ತು. ಎರಡನೆಯದು 11:30ಕ್ಕೆ, ಬಿಸಿಲಲ್ಲಿ. ರೇಸ್ ಟೈರಿನ ರಬ್ಬರ್ ಒಂದು ಮಿತಿಯವರೆಗೆ ಬಿಸಿಯಾದಷ್ಟೂ ಚೆನ್ನಾಗಿ ಹಿಡಿಯುತ್ತದೆ. ಚಾಲಕನ ಕೈಯೂ ಅಷ್ಟರಲ್ಲಿ ಪಳಗಿರುತ್ತದೆ. ಟೈರಿನೊಳಗಿನ ಗಾಳಿಯೂ ಬದಲಾಗುತ್ತದೆ. ನಮ್ಮ ಟೈರಿಗೆ ತಣ್ಣಗಿದ್ದಾಗ 12 ಪಿಎಸ್‌ಐ ತುಂಬುತ್ತೇವೆ. ಗೇಜ್ ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಮೇಲಿನ ಭಾಗವನ್ನು ಮಾತ್ರ. ನಿಜವಾದ ಒತ್ತಡ 12ಕ್ಕೆ 14.7 ಸೇರಿಸಿ 26.7. ಒಳಗಿನ ಗಾಳಿ 30 ಡಿಗ್ರಿಯಿಂದ 60 ಡಿಗ್ರಿಗೆ ಬಿಸಿಯಾದರೆ 303 ಕೆಲ್ವಿನ್ 333 ಆಗುತ್ತದೆ. ಒತ್ತಡ ಸುಮಾರು 29.3, ಗೇಜಿನಲ್ಲಿ 14.6. ಯಾರೂ ಕೈ ಹಾಕದೆ ಎರಡೂವರೆ ಪಿಎಸ್‌ಐ ಏರಿತು! ಕೆಮಿಸ್ಟ್ರಿ ಪರೀಕ್ಷೆಯಲ್ಲಿ 14.7 ಸೇರಿಸದೆ ಅಂಕ ಕಳೆದುಕೊಂಡ ಗೆಳೆಯರಿಗೆ ಈ ಪ್ಯಾರಾ ಅರ್ಪಣೆ.

ಮೂರನೇ ತೂತಿನಲ್ಲಿ ಕಾರು ತಿರುಗಿಬಿದ್ದದ್ದಕ್ಕೆ ಮಾತ್ರ ಬಾರೇ ಕಾರಣ. ನಮ್ಮ ಪಠ್ಯದಲ್ಲಿ ಘರ್ಷಣೆಯ ಗುಣಾಂಕ ಸ್ಥಿರ. ಟೈರಿನಲ್ಲಿ ಹಾಗಲ್ಲ, ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ. ಹಿಂದಿನ ಬಾರ್ ಗಟ್ಟಿಯಾದಂತೆ ತಿರುವಿನಲ್ಲಿ ಹಿಂಬದಿಯ ಒಳ ಟೈರಿನ ಭಾರ ಹೊರ ಟೈರಿಗೆ ಹೆಚ್ಚು ಹೋಗುತ್ತದೆ. ಹೊರ ಟೈರು ಗಳಿಸುವುದು ಒಳ ಟೈರು ಕಳೆದುಕೊಂಡದ್ದಕ್ಕಿಂತ ಕಡಿಮೆ. ಒಟ್ಟು ಹಿಡಿತ ಇಳಿದು ಹಿಂಬದಿ ಜಾರುತ್ತದೆ. ಈ ಥಿಯರಿ ನನಗೆ ಆಗಲೂ ಬಾಯಿಪಾಠ ಬರುತ್ತಿತ್ತು. ನನ್ನದೇ ಪುಸ್ತಕದ ಒಂದು ಸುಳ್ಳು ಸಾಲು ಅದಕ್ಕಿಂತ ಜೋರಾಗಿ ಮಾತಾಡಿತ್ತು.

ಈಗ ನಮ್ಮ ಪುಸ್ತಕದಲ್ಲಿ ಪ್ರತಿ ಓಟಕ್ಕೂ ಒಂದು ಪೂರ್ತಿ ಪುಟ. ದಿನಾಂಕ, ಗಂಟೆ, ಗಾಳಿಯ ಮತ್ತು ನೆಲದ ತಾಪ, ನಾಲ್ಕೂ ಟೈರುಗಳ ಒತ್ತಡ ಓಟದ ಮೊದಲು ಮತ್ತು ನಿಲ್ಲಿಸಿದ ಕೂಡಲೇ, ಟೈರು ಎಷ್ಟು ಓಡಿದೆ, ಇಂಧನ ಎಷ್ಟಿದೆ, ಓಡಿಸಿದವರು ಯಾರು. ಏನು ಬದಲಾಯಿಸಿದೆವು ಎಂಬುದು ಒಂದೇ ಒಂದು ಸಾಲು. ಡ್ಯಾಂಪರಿನ ತಿರುಪನ್ನು ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸುತ್ತೇವೆ ಎಂದು ಮೊದಲ ಪುಟದಲ್ಲೇ ಬರೆದಿದೆ. ಒಮ್ಮೆ ಒಬ್ಬ ಆ ತುದಿಯಿಂದ, ಇನ್ನೊಬ್ಬ ಈ ತುದಿಯಿಂದ ಎಣಿಸಿ ಎಡಕ್ಕೊಂದು ಬಲಕ್ಕೊಂದು ಆಗಿತ್ತು.

ಆದರೆ 'ಒಂದೇ ಬದಲಾವಣೆ' ಎಂಬುದು ಹೇಳಿದಷ್ಟು ಸುಲಭವಲ್ಲ. ನಮ್ಮ ಕ್ಯಾಂಟೀನಿನ ಮೂಲೆಯ ಮೇಜು ನೆನಪಿದೆಯಲ್ಲ? ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟರೆ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಭಾರ ಹೆಚ್ಚುತ್ತದೆ, ಉಳಿದೆರಡು ಹಗುರಾಗುತ್ತವೆ. ಕಾರೂ ಹಾಗೆಯೇ. ಒಂದು ಚಕ್ರದ ಸ್ಪ್ರಿಂಗಿನ ಆಸರೆಯನ್ನು ಎರಡು ಸುತ್ತು ಏರಿಸಿದರೆ ಆ ಮೂಲೆಯ ಎತ್ತರ ಬದಲಾಗುತ್ತದೆ, ಚಕ್ರದ ವಾಲಿಕೆ ಅಂದರೆ ಕ್ಯಾಂಬರ್ ಬದಲಾಗುತ್ತದೆ, ನಾಲ್ಕೂ ಟೈರುಗಳ ಭಾರ ಬದಲಾಗುತ್ತದೆ. ಆದ್ದರಿಂದ ಅಂಥ ಕೆಲಸದ ನಂತರ ಚಾಲಕನನ್ನು ಕೂರಿಸಿ, ನಾಲ್ಕು ತಕ್ಕಡಿಗಳ ಮೇಲೆ ಕಾರನ್ನಿಟ್ಟು ಮತ್ತೆ ತೂಗುತ್ತೇವೆ. ಬೇಸರದ ಕೆಲಸ. ಅರ್ಧ ದಿನ ಹೋಗುತ್ತದೆ.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಏನು ಬದಲಾಯಿಸಿದ್ದೇವೆ ಎಂದು ಚಾಲಕನಿಗೆ ಹೇಳುವುದಿಲ್ಲ, ಸಮಯವನ್ನೂ ತೋರಿಸುವುದಿಲ್ಲ. ಮೊದಲು ಅವನ ಅನಿಸಿಕೆ ಬರೆದುಕೊಳ್ಳುತ್ತೇವೆ. ಒಮ್ಮೆ ಸ್ಪ್ಯಾನರ್ ಸದ್ದು ಮಾಡಿ ಏನೂ ಬದಲಾಯಿಸದೆ ಕಳಿಸಿದೆವು. ವಾಪಸ್ ಬಂದು, "ಈಗ ಹಿಂಬದಿ ಎಷ್ಟೋ ವಾಸಿ" ಎಂದ! ಅವನನ್ನು ನಗಲು ನನಗೆ ಯಾವ ಹಕ್ಕೂ ಇಲ್ಲ. ದ್ವಿತೀಯ ಪಿಯುಸಿಯ ಹೊತ್ತಿಗೆ ನನ್ನ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಕೆಟ್ಟ ರೀಡಿಂಗ್ ಕೂಡ ಇರಲಿಲ್ಲ. ಸರಳ ಲೋಲಕದಲ್ಲಿ ಜಿ ಬೆಲೆ 9.8 ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ಸಮಯ ತುಂಬಿದವನು ನಾನು. ಉತ್ತರ ಮೊದಲೇ ಗೊತ್ತಿದ್ದವನಿಗೆ ವಾಪಸ್ ಹೋಗಿ ನೋಡಬೇಕು ಎಂದು ಹೊಳೆಯುವುದಾದರೂ ಹೇಗೆ?

ಇದನ್ನು ಮಾಡಿ ನೋಡಲು ರೇಸ್ ಕಾರು ಬೇಡ. ವಾಹನ ಓಡಾಡದ ಒಂದು ಸಣ್ಣ ಇಳಿಜಾರು, ಒಂದು ಸೈಕಲ್, ಪಂಪು ಮತ್ತು ಗೇಜ್ ಸಾಕು. ಟೈರಿಗೆ 40 ಪಿಎಸ್‌ಐ ತುಂಬಿ, ಸೀಮೆಸುಣ್ಣದ ಗೆರೆಯಿಂದ ಪೆಡಲ್ ತುಳಿಯದೆ ಇಳಿಯಿರಿ. ತಾನಾಗಿ ನಿಂತ ಜಾಗದವರೆಗೆ ಅಳೆಯಿರಿ. ಐದು ಸಲ. ನಂತರ 25ಕ್ಕೆ ಇಳಿಸಿ ಐದು ಸಲ. ಮತ್ತೆ 40ಕ್ಕೆ ತುಂಬಿ ಐದು ಸಲ. ಕೂರುವವರು, ಬಟ್ಟೆ, ಬ್ಯಾಗು ಯಾವುದೂ ಬದಲಾಗಬಾರದು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದೂ ಬರೆಯಿರಿ. ಕೊನೆಯ ಐದು ಅಳತೆಗಳು ಮೊದಲ ಐದಕ್ಕೆ ಹೊಂದದಿದ್ದರೆ ಆ ಹಾಳೆಯನ್ನೇ, ಒಂದು ಅಂಕಿಯನ್ನೂ ತಿದ್ದದೆ, ಭೌತಶಾಸ್ತ್ರ ಲ್ಯಾಬಿನಲ್ಲಿ ನನಗಾಗಿ ಇಟ್ಟಿರಿ. ಮುಂದಿನ ರಜೆಗೆ ಬಂದಾಗ ಕೂತು ನೋಡೋಣ.